ಮತ್ತೆ ಒಂದಾದ ಏರೋಸ್ಮಿತ್: ಮೊದಲು ಯಾವ ಆಲ್ಬಂ ಕೇಳಬೇಕು?

ಅಮೆರಿಕದ ರಾಕ್ ಬ್ಯಾಂಡ್ ಏರೋಸ್ಮಿತ್ ಅನ್ನು ಗಿಟಾರಿಸ್ಟ್ ಜೋ ಪೆರ್ರಿ 1979ರಲ್ಲಿ, ಇನ್ನೊಬ್ಬ ಗಿಟಾರಿಸ್ಟ್ ಬ್ರಾಡ್ ವಿಟ್‌ಫೋರ್ಡ್ 1981ರಲ್ಲಿ ಬಿಟ್ಟರು. ಜಿಮ್ಮಿ ಕ್ರೆಸ್ಪೋ, ರಿಕ್ ಡುಫೇ ಆ ಜಾಗ ತುಂಬಿದರು. 1984ರಲ್ಲಿ ಹಳೆಯ ಐವರೂ ಮತ್ತೆ ಕೂಡಿದರು.

ಗಿಟಾರಿನ ಒರಟುತನವೇ ಇಷ್ಟವಾದರೆ 1985ರ ‘ಡನ್ ವಿತ್ ಮಿರರ್ಸ್’ ಹಿಡಿಯಿರಿ. ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಅದು 36ನೇ ಸ್ಥಾನ ದಾಟಲಿಲ್ಲ. ಗುನುಗುವಂಥ ಹಾಡು ಕಡಿಮೆ.

ಗುನುಗಲೇಬೇಕೆಂದರೆ 1987ರ ‘ಪರ್ಮನೆಂಟ್ ವೆಕೇಶನ್’. ಡೆಸ್ಮಂಡ್ ಚೈಲ್ಡ್ ಅವರಂಥ ಹೊರಗಿನವರು ಹಾಡು ಬರೆಯಲು ಕೈಜೋಡಿಸಿದರು; ಇದರ ‘ಏಂಜೆಲ್’ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತು. ಆದರೆ ಗಿಟಾರಿನ ಜೊತೆ ಮೊಳಗುವ ಹಿತ್ತಾಳೆ ವಾದ್ಯಗಳು, ಆ ನಯಗೊಳಿಸಿದ ಸದ್ದು ಹಳೆಯ ಅಭಿಮಾನಿಗಳಿಗೆ ಒಗ್ಗದಿರಬಹುದು.

ಸಾಹಿತ್ಯಕ್ಕೆ ಕಿವಿಗೊಡುವವರಿಗೆ 1989ರ ‘ಪಂಪ್’. ತಂದೆಯಿಂದಲೇ ದೌರ್ಜನ್ಯಕ್ಕೊಳಗಾದ ಮಗಳ ಕಥೆ ಹೇಳುವ ‘ಜೇನೀಸ್ ಗಾಟ್ ಎ ಗನ್’ ಇದರಲ್ಲಿದೆ. ಬ್ಯಾಂಡಿಗೆ ಮೊದಲ ಗ್ರ್ಯಾಮಿ ಸಂಗೀತ ಪ್ರಶಸ್ತಿ ತಂದದ್ದು ಆ ಹಾಡೇ.