ಕಪೋಟಿಯ ‘ದ ಮ್ಯೂಸಸ್ ಆರ್ ಹರ್ಡ್’: ಪರದೆ ಹಿಂದಿನ ಮಜಾನೇ ಜಾಸ್ತಿ

ಒಂದು ಒಪೇರಾ ಕಂಪನಿಯ ನಿಜವಾದ ಪ್ರವಾಸದ ಪುಸ್ತಕ ಇದು. ಒಪೇರಾ (ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ) ಅಂದ ಕೂಡಲೇ ಪುಸ್ತಕ ಕೆಳಗಿಡಬೇಡಿ. ನನಗೂ ಒಪೇರಾ ಅಷ್ಟಕ್ಕಷ್ಟೆ. ಆದರೆ ನಮ್ಮ ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ನಾಟಕ ಕಂಪನಿಯ ತಗಡಿನ ಥಿಯೇಟರ್ ಹಿಂದೆ ಒಮ್ಮೆಯಾದರೂ ಇಣುಕಿದವರಿಗೆ ಈ ಪುಸ್ತಕದ ಜನ ಪರಿಚಿತರೇ ಅನಿಸುತ್ತಾರೆ. ರೂಮಲ್ಲಿ ಯಾರ ಜೊತೆ ಹಾಕಿದ್ದಾರೆ, ಊಟಕ್ಕೆ ಏನಿದೆ, ದುಡ್ಡು ಯಾವಾಗ ಕೊಡ್ತಾರೆ, ಇದೇ ಚಿಂತೆ.

ಕಥೆ 1955ರ ಡಿಸೆಂಬರ್‌ದು. ಅಮೆರಿಕ, ರಷ್ಯಾ ಮುಖ ತಿರುಗಿಸಿಕೊಂಡಿದ್ದ ಕಾಲ. ಅಮೆರಿಕದ ಸಂಗೀತಗಾರ ಗರ್ಶ್ವಿನ್‌ನ ‘ಪೋರ್ಗಿ ಅಂಡ್ ಬೆಸ್’ ಒಪೇರಾ ಆಡುತ್ತಿದ್ದ ಎವ್ರಿಮನ್ ಒಪೇರಾ ಕಂಪನಿ ರಷ್ಯಾದ ಲೆನಿನ್‌ಗ್ರಾಡ್‌ಗೆ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಹೊರಡುತ್ತದೆ. ಕಲಾವಿದರು ಹೆಚ್ಚುಕಮ್ಮಿ ಎಲ್ಲರೂ ಕಪ್ಪು ಜನ. ಇದೇ ಕಂಪನಿಯ ಹಿಂದಿನ ಪ್ರವಾಸಗಳಿಗೆ ದುಡ್ಡು ಕೊಟ್ಟಿದ್ದ ಅಮೆರಿಕ ಸರ್ಕಾರ ಈ ಸಲ ಕೈ ಎತ್ತಿತು. ಖರ್ಚು ಹೊತ್ತಿದ್ದು ಸೋವಿಯತ್ ಸಂಸ್ಕೃತಿ ಸಚಿವಾಲಯ! ಜೊತೆಗೆ ಹೋದ ಅಮೆರಿಕದ ಲೇಖಕ ಟ್ರೂಮನ್ ಕಪೋಟಿ ‘ನ್ಯೂಯಾರ್ಕರ್’ ಪತ್ರಿಕೆಗೆ ಬರೆದದ್ದು 1956ರಲ್ಲಿ ಪುಸ್ತಕವಾಯಿತು.

ಮೊದಲರ್ಧ ಬಂಗಾರ. ಬರ್ಲಿನ್‌ನಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಎಲ್ಲರನ್ನೂ ಕೂರಿಸಿ ಬುದ್ಧಿ ಹೇಳುವ ಸಭೆಯೊಂದಿದೆ. ನಿಮ್ಮ ದೇಶದಲ್ಲಿ ಕಪ್ಪು ಜನರನ್ನು ಹೇಗೆ ನೋಡ್ಕೋತಾರೆ ಅಂತ ರಷ್ಯಾದವರು ಕೇಳಿದರೆ ಏನು ಹೇಳೋದು, ಇದ್ದದ್ದು ಇದ್ದ ಹಾಗೆ ಹೇಳೋದಾ, ತೇಲಿಸಿ ಬಿಡೋದಾ? ಅದೇ ತಿಂಗಳು ಅಮೆರಿಕದ ಮಾಂಟ್ಗಮರಿಯಲ್ಲಿ ಬಸ್ಸಿನಲ್ಲಿ ಕಪ್ಪು-ಬಿಳಿ ಅಂತ ಭೇದ ಮಾಡುವುದನ್ನು ವಿರೋಧಿಸಿ ಕಪ್ಪು ಜನ ಸಿಟಿ ಬಸ್ ಹತ್ತೋದನ್ನೇ ಬಿಟ್ಟಿದ್ದರು. ಅದು ತಲೆಯಲ್ಲಿದ್ದರೆ ಈ ಪುಟಗಳು ಸರಿಯಾಗಿ ತಾಗುತ್ತವೆ. ಆಮೇಲೆ ರೈಲು. ಕ್ಯಾವಿಯರ್ (ದುಬಾರಿ ಮೀನಿನ ಮೊಟ್ಟೆ), ವೋಡ್ಕಾ ಬರುತ್ತೆ ಅಂತ ಕಾದವರ ಮುಂದೆ ಮೊಸರು, ರಾಸ್ಪ್‌ಬೆರಿ ಸೋಡಾ! ಗರ್ಶ್ವಿನ್ ಮನೆತನದ ಒಬ್ಬ ಯಜಮಾನಿ ಬೆಳಗಿನ ತಿಂಡಿಗೂ ವಜ್ರ ಹಾಕಿಕೊಂಡೇ ಬರ್ತಾರೆ. ನಕ್ಕು ಸಾಕಾಯಿತು.

ಡಿಸೆಂಬರ್ 26ರ ಮೊದಲ ಪ್ರದರ್ಶನದ ಭಾಗವೂ ಚೆನ್ನಾಗಿದೆ. ಕಥೆ ತಿಳಿಸುವ ಕರಪತ್ರ ಹೊತ್ತಿಗೆ ಸರಿಯಾಗಿ ಅಚ್ಚಾಗಿರಲಿಲ್ಲ. ಜನಕ್ಕೆ ಇಂಗ್ಲಿಷ್ ಬರಲ್ಲ. ಎಲ್ಲಿ ಚಪ್ಪಾಳೆ ತಟ್ಟಬೇಕು ಅಂತ ತಿಳಿಯದೆ ಸುಮ್ನೆ ಕೂತ ಪ್ರೇಕ್ಷಕರು, ಒಳಗೆ ಬೆವರುವ ಕಂಪನಿಯವರು.

ತಕರಾರೂ ಇದೆ. ಕಪೋಟಿಯ ಕಣ್ಣು ಚೂಪು, ನಾಲಿಗೆ ಇನ್ನೂ ಚೂಪು. ದೊಡ್ಡವರನ್ನು ಗೇಲಿ ಮಾಡಲಿ ಬಿಡಿ, ಆದರೆ ವರ್ಷಗಟ್ಟಲೆ ಊರೂರು ಸುತ್ತಿ ದಣಿದ ಹಾಡುಗಾರರ ಬಗ್ಗೆ ಅವನಿಗೆ ಅಂಥ ಕುತೂಹಲವೇ ಇಲ್ಲ, ಅವರ ಹಾಡಿನ ಬಗ್ಗೆಯಂತೂ ನಾಲ್ಕು ಮಾತು ಬರೆದು ಮುಂದೆ ಹೋಗ್ತಾನೆ. ಕೆಲವು ದೃಶ್ಯ ಅವನೇ ಕಟ್ಟಿದ್ದು ಅಂತ ಅವನ ಜೀವನಚರಿತ್ರೆ ಬರೆದವರೇ ಆಮೇಲೆ ಹೇಳಿದ್ದಾರೆ. ವರದಿ ಅಂತ ಪೂರ್ತಿ ನಂಬಬೇಡಿ. ಕಂಪನಿ ಮಾಸ್ಕೋಗೂ ಹೋಗಿತ್ತು, ಪುಸ್ತಕ ಮಾತ್ರ ಲೆನಿನ್‌ಗ್ರಾಡ್‌ನಲ್ಲೇ ನಿಲ್ಲುತ್ತದೆ. ಇದಂತೂ ಅನ್ಯಾಯ ಅಲ್ವಾ?

(ನಮ್ಮ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ತೊಗಲುಗೊಂಬೆ ಹೊತ್ತು ಎಷ್ಟೋ ದೇಶ ತಿರುಗಿ ಬಂದವರು. ಆ ಪ್ರಯಾಣದ ಜೊತೆಗೂ ಹೀಗೊಬ್ಬ ಬರೆಯುವವನು ಹೋಗಿದ್ದರೆ! ಕಪೋಟಿಗಿಂತ ಸ್ವಲ್ಪ ಮೆತ್ತನೆಯವನು.)

ಕೊಳ್ಳುವವರಿಗೆ ಒಂದು ಮಾತು. ಬಿಡಿ ಪುಸ್ತಕದ ಹಳೇ ಪ್ರತಿಗೆ ಆನ್‌ಲೈನಲ್ಲಿ ಬಾಯಿಗೆ ಬಂದ ರೇಟು ಹೇಳ್ತಾರೆ. ನನಗೆ ಬಂದದ್ದರಲ್ಲಿ ಹಾಳೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ಕಪೋಟಿಯ ‘ಪೋರ್ಟ್ರೇಟ್ಸ್ ಅಂಡ್ ಅಬ್ಸರ್ವೇಷನ್ಸ್’ ಸಂಕಲನದಲ್ಲಿ ಇದು ಪೂರ್ತಿ ಇದೆ, ಬೇರೆ ಬರಹಗಳೂ ಸಿಗುತ್ತವೆ. ಅದನ್ನೇ ತಗೊಳ್ಳಿ. ಐದಕ್ಕೆ ನಾಲ್ಕು ಸ್ಟಾರ್.