ನಮ್ಮೂರ ಹಾಲಿನ ಡೈರಿ: ತೂಕಕ್ಕೆ ಐದು ಸ್ಟಾರ್, ಫೀಡ್ ಮೂಟೆಗೆ ಎರಡು

ಸೋಮವಾರಪೇಟೆ ಕಡೆಯ ಒಂದು ಹಳ್ಳಿ ಡೈರಿ ಬಗ್ಗೆ ಬರೆಯುತ್ತಿದ್ದೇನೆ. ಊರ ಹೆಸರು ಹೇಳಲ್ಲ, ನಾಳೆ ಬೆಳಿಗ್ಗೆಯೂ ಅಲ್ಲಿಗೇ ಹಾಲು ಹಾಕಬೇಕಲ್ವಾ. ಕೊಡಗಿನಲ್ಲಿ ಹಸು ಸಾಕೋರೇ ಕಡಿಮೆ ಆಗ್ತಿದ್ದಾರೆ, ಇರೋರಲ್ಲೂ ಅರ್ಧ ಜನ ತೋಟಕ್ಕೆ ಗೊಬ್ಬರ ಸಿಗಲಿ ಅಂತ ಕಟ್ಟಿಕೊಂಡೋರು. ಹೊಸದಾಗಿ ಹಸು ತರೋಣ ಅಂತ ಯೋಚನೆಯಲ್ಲಿರುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಮೊದಲು ಒಳ್ಳೇದು. ತೂಕ ಎಲೆಕ್ಟ್ರಾನಿಕ್, ನಮ್ಮ ಕಣ್ಣೆದುರೇ. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಉಳಿದ ಘನಾಂಶ) ಎರಡೂ ಮೆಷಿನ್‌ನಲ್ಲಿ ನೋಡಿ ಚೀಟಿ ಕೊಡ್ತಾರೆ. ಹಾಲು ಅಳೆಯುವ ಹುಡುಗನಿಗೆ ಯಾರ ಮುಲಾಜೂ ಇಲ್ಲ, ಅಧ್ಯಕ್ಷರ ಮನೆ ಹಾಲಿಗೂ ನೀರು ಬೆರೆತಿದ್ದರೆ ವಾಪಸ್. ಹಾಲಿನ ದುಡ್ಡಿನ ಬಟವಾಡೆ ತಪ್ಪಿಲ್ಲ. ಹಸು ಬೆದೆಗೆ ಬಂದರೆ ಫೋನ್ ಮಾಡಿದ ದಿನವೇ ಗರ್ಭ ಕಟ್ಟಿಸುವ ಇಂಜೆಕ್ಷನ್ ಕೊಡೋರು ಬರ್ತಾರೆ. ಜುಲೈ ಮಳೆಯಲ್ಲಿ ಮಾತ್ರ ಕಷ್ಟ, ಕರೆಂಟ್ ಹೋದರೆ ಮೆಷಿನ್ ನಿಲ್ಲುತ್ತದೆ, ಇನ್ವರ್ಟರ್ ತನ್ನಿ ಅಂದರೆ ಮುಂದಿನ ಮೀಟಿಂಗಿಗೆ ಇಡೋಣ ಅಂತಾರೆ. ಆ ಮುಂದಿನ ಮೀಟಿಂಗ್ ಯಾವತ್ತೂ ಮುಂದೆಯೇ ಇರುತ್ತೆ.

ಇನ್ನು ರೇಟು. ಎಲ್ಲರೂ ಡೈರಿ ಕಾರ್ಯದರ್ಶಿಗೆ ಬೈಯೋದು ಇದಕ್ಕೇ. ಪಾಪ, ಅವರ ಕೈಯಲ್ಲಿ ಏನೂ ಇಲ್ಲ. ಕೊಡಗಿನ ಹಾಲು ಸೇರುವುದು ಹಾಸನದ ಒಕ್ಕೂಟಕ್ಕೆ, ಖರೀದಿ ದರ ತೀರ್ಮಾನ ಆಗೋದೂ ಅಲ್ಲೇ. ಅಂಗಡಿಯ ಪ್ಯಾಕೆಟ್ ದರಕ್ಕೆ ಸರ್ಕಾರದ ಒಪ್ಪಿಗೆ ಬೇಕು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ ₹4 ಏರಿಸಿದಾಗ ಅದು ರೈತರಿಗೇ ಅಂದರು. ಇದರ ಮೇಲೆ ಪ್ರೋತ್ಸಾಹಧನ ಬೇರೆ. 2008ರಲ್ಲಿ ಲೀಟರಿಗೆ ₹2 ಅಂತ ಶುರುವಾಯ್ತು, 2013ರಲ್ಲಿ ₹4, ಆಮೇಲೆ ₹5. ಅದು ನೇರ ನಮ್ಮ ಬ್ಯಾಂಕ್ ಖಾತೆಗೆ. ಆದರೆ ಇದು ಸರ್ಕಾರ ಬಜೆಟ್‌ನಲ್ಲಿ ಕೊಡುವ ದುಡ್ಡು, ಹಾಲಿಗೆ ಇಷ್ಟು ಕೊಡಲೇಬೇಕು ಅನ್ನುವ ಕಾನೂನಲ್ಲ. ಬಾಕಿ ಉಳಿದರೆ ವಿಧಾನಸಭೆಯಲ್ಲಿ ಗಲಾಟೆ ಆಗುತ್ತೆ, ಅಷ್ಟೇ. ಇಲ್ಲಿ ಡೈರಿಯದೂ ಒಂದು ತಪ್ಪಿದೆ. ಯಾವ ತಿಂಗಳಿನ ದುಡ್ಡು ಬಂತು, ಯಾರದ್ದು ಆಧಾರ್ ತೊಂದರೆಯಿಂದ ನಿಂತಿದೆ ಅಂತ ಬೋರ್ಡಿಗೆ ಒಂದು ಹಾಳೆ ಅಂಟಿಸೋಕೆ ಏನು ಕಷ್ಟ? ಕೇಳಿದರೆ, "ನಿಮ್ಗೆ ಮಾತ್ರ ಅಲ್ಲ ಅಣ್ಣ, ಯಾರಿಗೂ ಬಂದಿಲ್ಲ" ಅಂತ ಒಂದೇ ಉತ್ತರ.

ಡೈರಿ ಜಗಲಿಯಲ್ಲಿ ಈಗೀಗ ಅಮೆರಿಕದ ಟ್ಯಾರಿಫ್, ಅಂದರೆ ಆಮದು ಸುಂಕದ ಮಾತೇ ಮಾತು. ನಮ್ಮ ಹಾಲು ಅಮೆರಿಕಕ್ಕೆ ಹೋಗಲ್ಲ, ನಮಗೇನು ಅಂತ ಕೆಲವರು. ಆದರೆ ಅಮೆರಿಕ ಹಾಕುವ ಸುಂಕಕ್ಕಿಂತ ನಮ್ಮ ದೇಶ ಹಾಕುವ ಸುಂಕದಿಂದಲೇ ನಮ್ಮ ಚೀಟಿಯ ರೇಟು ನಿಂತಿರೋದು. ಹೊರಗಿನಿಂದ ಬರುವ ಹಾಲಿನ ಪುಡಿಗೆ 60%, ಬೆಣ್ಣೆಗೆ 40%, ಚೀಸ್‌ಗೆ 30% ಸುಂಕ ಅಂತ ಬಹಳ ಕಾಲದಿಂದ ಇದೆ. ಮಾರಿ ಉಳಿದ ಹಾಲನ್ನು ಒಕ್ಕೂಟಗಳು ಪುಡಿ, ಬೆಣ್ಣೆ ಮಾಡಿ ಇಡುತ್ತವೆ. ಹೊರಗಿನ ಪುಡಿ ಅಗ್ಗಕ್ಕೆ ಬಂದರೆ ಈ ಸ್ಟಾಕ್ ಗೋಡೌನ್‌ನಲ್ಲೇ ಕೂರುತ್ತದೆ, ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಖರೀದಿ ದರ ಇಳಿಸೋದು ಬಿಟ್ಟು ಅವರಿಗೆ ಬೇರೆ ದಾರಿ ಇರಲ್ಲ. ಹೊರಗಿನ ಒಂದು ಚೀಸ್ ಡಬ್ಬ ಮಡಿಕೇರಿ ಅಂಗಡಿಗೆ ಬರದಿದ್ದರೂ ನಮಗೆ ಪೆಟ್ಟು ಬಿದ್ದೇ ಬೀಳುತ್ತೆ. ಭಾರತ 2019ರಲ್ಲಿ ಏಷ್ಯಾ-ಪೆಸಿಫಿಕ್ ದೇಶಗಳ ಆರ್‌ಸಿಇಪಿ ವ್ಯಾಪಾರ ಒಪ್ಪಂದದಿಂದ ಹಿಂದೆ ಸರಿದದ್ದಕ್ಕೆ ನ್ಯೂಜಿಲೆಂಡ್ ಹಾಲಿನ ಪುಡಿಯ ಭಯವೂ ಒಂದು ಕಾರಣ. 2025ರಲ್ಲಿ ಬ್ರಿಟನ್ ಜೊತೆ ಸಹಿ ಹಾಕಿದ ಒಪ್ಪಂದದಲ್ಲೂ ಹಾಲನ್ನು ಹೊರಗಿಟ್ಟರು.

ಕೊಡಗಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ರೋಬಸ್ಟಾ ಕಾಫಿ ರೇಟು ಲಂಡನ್ ಮಾರುಕಟ್ಟೆ ನೋಡಿಕೊಂಡು ಏರುತ್ತೆ, ಇಳಿಯುತ್ತೆ. ಕಾಫಿ ಬೋರ್ಡಿಗೆ ಕಾಫಿ ಒಪ್ಪಿಸುತ್ತಿದ್ದ ಪೂಲ್ ಕಾಲ 90ರ ದಶಕದಲ್ಲೇ ಮುಗಿಯಿತು. ಈಚೆಗೆ ಏರಿದ್ದು ಕಂಡು ಖುಷಿಪಟ್ಟವರೇ 2001-02ರ ಸುಮಾರಿಗೆ ಬಿದ್ದದ್ದನ್ನೂ ಕಂಡವರು. ಮೆಣಸಿನ ಕಥೆಯೂ ಗೊತ್ತಲ್ಲ, ವಿಯೆಟ್ನಾಂ ಮೆಣಸು ಶ್ರೀಲಂಕಾ ದಾರಿಯಲ್ಲಿ ಬಂದು ಇಲ್ಲಿನ ರೇಟು ಕೆಡಿಸಿತು, 2017ರ ಡಿಸೆಂಬರ್‌ನಲ್ಲಿ ಕಿಲೋಗೆ ₹500ಕ್ಕಿಂತ ಕಡಿಮೆಗೆ ಆಮದು ಬೇಡ ಅಂತ ನಿಯಮ ತರಬೇಕಾಯಿತು. ಹಾಲಿಗೆ ಕಾಫಿಯಂಥ ಏರಿಕೆ ಯಾವತ್ತೂ ಬರಲ್ಲ, ಆದರೆ ಅಂಥ ಬೀಳುವಿಕೆಯೂ ಇಲ್ಲ. ನನಗೆ ಈ ಬೋರಿಂಗ್ ರೇಟೇ ಇಷ್ಟ.

ಈಗ ಫೀಡ್ ಮೂಟೆ, ಅಂದರೆ ಪಶು ಆಹಾರ. ಡೈರಿಯಲ್ಲೇ ಸಿಗುತ್ತೆ, ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತಾರೆ, ಅದು ಅನುಕೂಲ. ಆದರೆ ಬೇಕಾದಾಗ ಸ್ಟಾಕ್ ಇರಲ್ಲ, ಕುಶಾಲನಗರಕ್ಕೆ ಓಡಬೇಕು. ರೇಟು ಹಾಲಿಗಿಂತ ಬೇಗ ಏರುತ್ತೆ. ಇಲ್ಲೊಂದು ಗಮ್ಮತ್ತು ನೋಡಿ. ಹಾಲಿಗೆ ಬೆಂಬಲ ಬೆಲೆ ಇಲ್ಲ, ಹಸು ತಿನ್ನುವ ಮೆಕ್ಕೆಜೋಳಕ್ಕೆ ಇದೆ. ಅದು ಕ್ವಿಂಟಾಲಿಗೆ 2024-25ರಲ್ಲಿ ₹2225, 2025-26ಕ್ಕೆ ₹2400. ಜೋಳ ಈಗ ಎಥೆನಾಲ್ ಕಾರ್ಖಾನೆಗೂ ಹೋಗುತ್ತದೆ. ಬೆಂಬಲ ಬೆಲೆ ನಿಜವಾಗಿ ಸಿಕ್ಕರೆ ಜೋಳ ಬೆಳೆದವನಿಗೆ ಲಾಭ, ನಮ್ಮ ಮೂಟೆಗೆ ಏಟು. ಹೊರದೇಶದ ಅಗ್ಗದ ಜೋಳ ಒಳಗೆ ಬಿಟ್ಟುಕೊಂಡರೆ ಕೋಳಿ ಫಾರಂನವರಿಗೂ ನಮಗೂ ಖರ್ಚು ಇಳಿಯಬಹುದು, ಆದರೆ ಶನಿವಾರಸಂತೆ ಕಡೆ ಜೋಳ ಹಾಕಿದವರ ಕಥೆ? ಎರಡನ್ನೂ ಮಾಡುವ ಮನೆಗಳು ನಮ್ಮಲ್ಲೇ ಇವೆ. ಅವರು ಯಾವ ಪಕ್ಷ ಹಿಡಿಯಬೇಕೋ ದೇವರೇ ಬಲ್ಲ. ಸುಮ್ನೆ "ಬೆಂಬಲ ಬೆಲೆ ಬಂದರೆ ರೈತ ಉದ್ಧಾರ" ಅನ್ನುವವರು ಒಮ್ಮೆ ನಮ್ಮ ಡೈರಿಯ ಫೀಡ್ ಲೆಕ್ಕದ ಪುಸ್ತಕ ನೋಡಬೇಕು.

ಹಸುವಿಗೆ ಅರ್ಧವಾದರೂ ಹಸಿರು ಮೇವು ಸ್ವಂತ ಜಾಗದಲ್ಲಿ ಬೆಳೆಯುತ್ತಿದ್ದರೆ, ಗೊಬ್ಬರ ತೋಟಕ್ಕೆ ಹೋಗುತ್ತಿದ್ದರೆ ಈ ಡೈರಿಗೆ ಹಾಲು ಹಾಕಿ, ಗಿಟ್ಟುತ್ತದೆ. ಎಲ್ಲವನ್ನೂ ಮೂಟೆಯಲ್ಲೇ ತರುವುದಾದರೆ ಬೇಡ. ಸದಸ್ಯರಾಗುವ ದಿನವೇ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿಕೊಳ್ಳಿ, ದಿನದ ಚೀಟಿಗಳನ್ನು ಬಟವಾಡೆ ಆಗುವವರೆಗೆ ಬಿಸಾಡಬೇಡಿ. ಮಳೆಗಾಲದಲ್ಲಿ ಬೆಳಿಗ್ಗೆ ಬೇಗ ಹೋಗಿ, ಕ್ಯಾನ್ ಗಾಡಿ ಯಾರಿಗೂ ಕಾಯಲ್ಲ.