ನಿಂತು ಗುಂಡು ಹೊಡೆಯುವವರು ಬೆಂಚಿನ ರೈಫಲ್ ಸ್ಟಾಕ್ ಕೊಳ್ಳಬೇಡಿ

ಅಮೆರಿಕದಲ್ಲಿರುವ ನಮ್ಮವರಲ್ಲಿ ಕೆಲವರಾದರೂ ವಾರಾಂತ್ಯಕ್ಕೆ ಸಣ್ಣ ಗುಂಡಿನ ಪಾಯಿಂಟ್ 22 ರೈಫಲ್ ತೆಗೆದುಕೊಂಡು ಶೂಟಿಂಗ್ ರೇಂಜಿಗೆ ಹೋಗುತ್ತೀರಿ. ಇದು ನಿಮಗಾಗಿ. ರೈಫಲಿಗೆ ಹೊರಗಿನ ಕಂಪನಿಯ ಸ್ಟಾಕ್ (ಬ್ಯಾರೆಲನ್ನು ಹೊರುವ, ಭುಜಕ್ಕೆ ಒತ್ತಿ ಹಿಡಿಯುವ ಭಾಗ) ಹಾಕುವ ಯೋಚನೆ ಇದ್ದರೆ, ದುಡ್ಡು ಕೊಡುವ ಮೊದಲು ಓದಿ. ನನ್ನ 230 ಡಾಲರ್ ಹೋಯಿತು, ಜೊತೆಗೆ ಒಂದಿಡೀ ಬೇಸಿಗೆಯೂ ಹೋಯಿತು.

ನಾನು ಕೊಡಗಿನವನು. ಕೈಲ್ ಪೊಳ್ದ್ ಹಬ್ಬದಲ್ಲಿ ಹಿರಿಯರು ನಿಂತು ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದೆ. ಹಾಗಾಗಿ ಟೆಕ್ಸಾಸ್‌ಗೆ ಬಂದ ಮೇಲೆ ಸಿಲೂಯೆಟ್ ಸ್ಪರ್ಧೆ ಕಂಡಾಗ ತುಂಬಾ ಹಿಡಿಸಿತು. ಮೆಕ್ಸಿಕೋದಲ್ಲಿ ಹುಟ್ಟಿದ ಆಟ ಇದು. 40 ಮೀಟರ್ ದೂರದಲ್ಲಿ ಕೋಳಿ, 60ರಲ್ಲಿ ಹಂದಿ, 77ರಲ್ಲಿ ಟರ್ಕಿ ಕೋಳಿ, 100ರಲ್ಲಿ ಟಗರು. ಎಲ್ಲವೂ ಆಯಾ ಆಕಾರದ ಪುಟ್ಟ ಉಕ್ಕಿನ ತಗಡುಗಳು. ನಿಂತೇ ಹೊಡೆಯಬೇಕು, ಸ್ಲಿಂಗ್ (ತೋಳಿಗೆ ಬಿಗಿಯುವ ಪಟ್ಟಿ) ಬಳಸುವಂತಿಲ್ಲ. ಗುಂಡು ತಾಗಿದರೆ ಸಾಲದು, ತಗಡು ಬೀಳಬೇಕು.

ನನ್ನದು ದಪ್ಪ ಬ್ಯಾರೆಲ್ ಹಾಕಿದ, ರೂಗರ್ ಕಂಪನಿಯ 10/22. ಇದು 1964ರಿಂದ ಬರುತ್ತಿರುವ ರೈಫಲ್. ಇದಕ್ಕೆ ಸಿಗುವಷ್ಟು ಬಗೆಯ ಸ್ಟಾಕ್‌ಗಳು ಬೇರೆ ಪಾಯಿಂಟ್ 22ಗಳಿಗೆ ಸಿಗುವುದು ಕಷ್ಟ. ಅದೇ ತೊಂದರೆ. ಕಂಪನಿಯಿಂದ ಬಂದ ಸ್ಟಾಕಿನಲ್ಲಿ ಕೆನ್ನೆ ಇಡುವ ಜಾಗ ತಗ್ಗು. ಸ್ಕೋಪ್ (ಗುರಿ ನೋಡುವ ದುರ್ಬೀನು) ನೋಡಲು ಕತ್ತೆತ್ತಬೇಕು, ಆಗ ಕೆನ್ನೆಗೆ ಆಸರೆಯೇ ಇರುವುದಿಲ್ಲ. ಅದಕ್ಕೇ ಹೊಸದನ್ನು ಹುಡುಕಿದೆ. ಪದರ ಪದರವಾಗಿ ಅಂಟಿಸಿದ ಮರದ್ದು, ನೋಡಲು ಚೆಂದ. ಕೊಂಡವರೆಲ್ಲ ಹೊಗಳಿದ್ದರು. 50 ಗಜಕ್ಕೆ ಗುಂಡುಗಳೆಲ್ಲ ಒಂದೇ ತೂತಿನಲ್ಲಿ ಹೋದ ಫೋಟೋಗಳು ಬೇರೆ.

ಆ ಫೋಟೋ ಹಾಕಿದವರೆಲ್ಲ ಬೆಂಚಿನ ಮೇಲೆ ಮರಳಿನ ಚೀಲ ಇಟ್ಟು ಹೊಡೆದವರು. ನಾನು ಗಮನಿಸಬೇಕಿದ್ದದ್ದು ಅದನ್ನೇ.

ಬೆಂಚಿನ ಸ್ಟಾಕ್ ಚೀಲದ ಮೇಲೆ ಅಲುಗಾಡದೆ ಕೂರಬೇಕು. ಅದಕ್ಕೇ ಮುಂಭಾಗ ಅಗಲ, ಚಪ್ಪಟೆ. ನಿಂತು ಹೊಡೆಯುವಾಗ ಬೇಕಾದ್ದೇ ಬೇರೆ. ಎಡ ಮೊಣಕೈ ಪಕ್ಕೆಗೋ ಸೊಂಟಕ್ಕೋ ಒರಗುತ್ತದೆ, ಅಂಗೈ ಟ್ರಿಗರಿನ ಸ್ವಲ್ಪ ಮುಂದೆ ರೈಫಲನ್ನು ಹೊರುತ್ತದೆ. ಅಲ್ಲಿ ಮರ ಆಳವಾಗಿದ್ದರೆ ರೈಫಲ್ ತಾನಾಗಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ತೆಳ್ಳಗಿದ್ದರೆ ಕೈಯನ್ನು ಎತ್ತಿ ಹಿಡಿಯಬೇಕು, ಭುಜ ಬೇಗ ಸೋಲುತ್ತದೆ. ಭಾರ ಸ್ವಲ್ಪ ಮುಂದಿದ್ದರೆ ತುದಿ ನಿಧಾನವಾಗಿ ತೂಗುತ್ತದೆ. ಹಿಂದಿದ್ದರೆ ಸುಮ್ನೆ ಅತ್ತಿತ್ತ ಹಾರುತ್ತದೆ. ನನ್ನ ಹೊಸ ಸ್ಟಾಕಿನ ಭಾರವೆಲ್ಲ ಹಿಂದೆಯೇ ಇತ್ತು.

ಉದ್ದವೂ ಹೊಂದಲಿಲ್ಲ. ಟ್ರಿಗರಿನಿಂದ ಸ್ಟಾಕಿನ ಹಿಂದಿನ ಅಂಚಿನವರೆಗಿನ ಅಳತೆಗೆ ಲೆಂಗ್ತ್ ಆಫ್ ಪುಲ್ ಎನ್ನುತ್ತಾರೆ. ಇದರದ್ದು 14 ಇಂಚು. ನನ್ನ ಎತ್ತರ ಐದು ಅಡಿ ನಾಲ್ಕು ಇಂಚು. ಟ್ರಿಗರ್ ಮುಟ್ಟಲು ಕೈ ಚಾಚಬೇಕು, ಕತ್ತು ಮುಂದೆ ಮಾಡಬೇಕು. ಸ್ವಲ್ಪ ಅಲುಗಿದರೂ ಸ್ಕೋಪಿನಲ್ಲಿ ಕಪ್ಪು ನೆರಳು.

ಇನ್ನು ಫಿಟ್ಟಿಂಗ್. ‘ಬಿಚ್ಚಿ ಕೂರಿಸಿದರೆ ಆಯಿತು’ ಅಂತ ಸ್ಟಾಕ್ ಮಾರಿದವರು ಬರೆದಿದ್ದರು. ಬ್ಯಾರೆಲ್ ಒಂದು ಪಕ್ಕ ಮರಕ್ಕೆ ಒತ್ತುತ್ತಿತ್ತು. 10/22 ಸ್ಟಾಕಿಗೆ ನಿಲ್ಲುವುದು ಒಂದೇ ಸ್ಕ್ರೂವಿನ ಮೇಲೆ. ಬ್ಯಾರೆಲ್ ಹೀಗೆ ಒತ್ತಿದರೆ, ಬಿಸಿಯಾದಂತೆ ಗುಂಡು ಬೀಳುವ ಜಾಗವೇ ಸರಿಯುತ್ತದೆ. ಅವರಿಗೆ ಇಮೇಲ್ ಮಾಡಿದೆ. ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ ಎಂದರು. ಉಜ್ಜಿದೆ. ಆಮೇಲೂ ಹೊಂದದೆ ವಾಪಸ್ ಕಳಿಸುತ್ತೇನೆ ಎಂದಾಗ, ಉಜ್ಜಿದ ಮರವನ್ನು ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು! ಉಜ್ಜಲು ಹೇಳಿದವರೇ ಅವರು ಅಲ್ವಾ? ಇದಕ್ಕೆ ನನಗೆ ಈಗಲೂ ಸಿಟ್ಟಿದೆ.

ಕೊನೆಗೆ ಸ್ಪರ್ಧೆಯ ದಿನ ತೂಕ. ಸ್ಕೋಪ್ ಸೇರಿ 10 ಪೌಂಡ್ 2 ಔನ್ಸ್ ಮೀರುವಂತಿಲ್ಲ. ನನ್ನದು 10 ಪೌಂಡ್ 11 ಔನ್ಸ್. ಆ ದಿನ ನಿಂತು ನೋಡಿ ಮನೆಗೆ ಬಂದೆ.

ದಯವಿಟ್ಟು ಹೀಗೆ ಮಾಡಿ. ಕೊಳ್ಳುವ ಮೊದಲು ರೇಂಜಿನಲ್ಲಿ ನಿಮ್ಮಷ್ಟೇ ಎತ್ತರದವರ ರೈಫಲ್ ಕೇಳಿ ಹಿಡಿದು ನೋಡಿ, ಯಾರೂ ಬೇಡ ಅನ್ನುವುದಿಲ್ಲ. ಖಾಲಿ ಇದೆಯೇ ಅಂತ ಎರಡು ಸಲ ನೋಡಿ, ಗುರಿಯ ದಿಕ್ಕಿಗೆ ಹಿಡಿದು, ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ. ಕಣ್ಣು ತೆರೆದಾಗ ಸ್ಕೋಪ್ ಪೂರ್ತಿ ಬೆಳಗಿ ಕಂಡರೆ ಆ ಅಳತೆಗಳನ್ನು ಬರೆದುಕೊಳ್ಳಿ. ಸ್ಟಾಕಿನ ತೂಕ ಮಾರುವವರಿಂದಲೇ ಕೇಳಿ ಪಡೆಯಿರಿ. ಉಜ್ಜಿದರೆ ವಾಪಸಾತಿ ಉಂಟೋ ಇಲ್ಲವೋ, ಬರಹದಲ್ಲಿ ತರಿಸಿಕೊಳ್ಳಿ. ಅಲ್ಲಿಯವರೆಗೆ ಉಪ್ಪುಕಾಗದ ಮುಟ್ಟಬೇಡಿ.

ನಾನು ಹಳೆಯ ಬ್ಯಾರೆಲನ್ನೂ ಹಳೆಯ ಸ್ಟಾಕನ್ನೂ ಮತ್ತೆ ಹಾಕಿದ್ದೇನೆ. ಕೆನ್ನೆಯ ಜಾಗಕ್ಕೆ ಗಟ್ಟಿ ಫೋಮ್ ಇಟ್ಟು ಟೇಪ್ ಸುತ್ತಿದ್ದೇನೆ. ಹೋದ ಭಾನುವಾರ ಐದರಲ್ಲಿ ಮೂರು ಟಗರು ಬಿದ್ದವು.